ಹಳೆಯ ನಗರಗಳ ರಾತ್ರಿ ಕೈಪಿಡಿಗಳು: ಓದುವ ಬಗೆ, ಒರೆಗೆ ಹಚ್ಚುವ ಬಗೆ

ದೊಡ್ಡ ನಗರಗಳ ರಾತ್ರಿ ಬದುಕನ್ನು, ಅದರಲ್ಲೂ ಮರ್ಯಾದಸ್ಥರ ಮನೆಗಳಲ್ಲಿ ಮಾತಿಗೆ ಬಾರದ ಬೀದಿಗಳನ್ನು, ಊರಿಗೆ ಹೊಸದಾಗಿ ಬಂದವರಿಗೆ ಪರಿಚಯಿಸುವ ಕಿರುಪುಸ್ತಕಗಳು ಹಿಂದೆ ಹಲವು ದೇಶಗಳಲ್ಲಿ ಅಚ್ಚಾಗುತ್ತಿದ್ದವು. ಲಂಡನ್ನಿನ ಕಾವೆಂಟ್ ಗಾರ್ಡನ್ ಸುತ್ತಲಿನ ಹೆಂಗಸರ ಪಟ್ಟಿಯೊಂದು 1757ರಿಂದ 1795ರವರೆಗೆ ವರ್ಷಕ್ಕೊಮ್ಮೆ ಮಾರುಕಟ್ಟೆಗೆ ಬರುತ್ತಿತ್ತು. ಎಡೊ ನಗರದ, ಅಂದರೆ ಇಂದಿನ ಟೋಕಿಯೋದ, ಯೋಶಿವಾರಾ ಕೇರಿಯ ಬಗ್ಗೆ ‘ಸೈಕೆನ್’ ಎಂಬ ಸೂಚಿಪುಸ್ತಕ ವಸಂತಕ್ಕೊಂದು, ಶರತ್ಕಾಲಕ್ಕೊಂದು ಎಂಬಂತೆ ಹೊಸದಾಗಿ ಮುದ್ರಣವಾಗುತ್ತಿತ್ತು. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ‘ಬ್ಲೂ ಬುಕ್’ ಎಂಬ ಜೇಬುಪುಸ್ತಕ 25 ಸೆಂಟಿಗೆ ಸಿಗುತ್ತಿತ್ತು. 1931ರಲ್ಲಿ ಬರ್ಲಿನ್ನಿನ ಕ್ಲಬ್ಬುಗಳಿಗೂ, 1948ರಲ್ಲಿ ನ್ಯೂಯಾರ್ಕಿನ ರಾತ್ರಿಗಳಿಗೂ ಇಂಥ ಪುಸ್ತಕಗಳು ಬಂದವು. ಒಳಗಿನವರಿಗಷ್ಟೇ ತಿಳಿದ ಸಂಗತಿಯನ್ನು ನಿಮಗೆ ಹೇಳುತ್ತಿದ್ದೇವೆ ಎಂಬ ಧ್ವನಿ ಇವೆಲ್ಲಕ್ಕೂ ಸಮಾನ.

ಇವುಗಳಲ್ಲಿ ಹಲವು ಈಗ ಗ್ರಂಥಾಲಯಗಳ ಡಿಜಿಟಲ್ ಸಂಗ್ರಹಗಳಲ್ಲಿ ಉಚಿತವಾಗಿ ದೊರೆಯುವುದರಿಂದ, ಇತಿಹಾಸದ ವಿದ್ಯಾರ್ಥಿಗಳೂ ಕಾದಂಬರಿಕಾರರೂ ಅನುವಾದಕರೂ ಕುತೂಹಲದ ಓದುಗರೂ ಇವನ್ನು ತೆರೆಯುತ್ತಿದ್ದಾರೆ. ತೆರೆದವರಲ್ಲಿ ಅನೇಕರು ಪುಟದ ಮೇಲಿರುವುದನ್ನು ಇದ್ದಂತೆಯೇ ನಂಬುತ್ತಾರೆ, ಇಲ್ಲವೇ ಇದೆಲ್ಲ ಕೀಳು ಅಭಿರುಚಿಯ ಕಸವೆಂದು ಮುಚ್ಚಿಡುತ್ತಾರೆ. ಎರಡೂ ನಷ್ಟವೇ. ಈ ಪುಸ್ತಕಗಳು ಹುಟ್ಟಿದ್ದು ವ್ಯಾಪಾರಕ್ಕಾಗಿ, ಆದ್ದರಿಂದ ಇವುಗಳ ಪ್ರತಿ ಸಾಲಿನ ಹಿಂದೆ ಯಾರದೋ ಹಣ ಇದೆ. ಆದರೆ ನಗರದ ಬೇರೆ ಯಾವ ಗೌರವಸ್ಥ ದಾಖಲೆಯೂ ಬರೆದಿಡದ ಹೆಣ್ಣುಮಕ್ಕಳ ಹೆಸರು, ಮನೆ, ಬೀದಿ ಉಳಿದುಕೊಂಡಿರುವುದು ಬಹುಪಾಲು ಇವುಗಳಲ್ಲಿಯೇ. ಈ ಎರಡು ಮಾತನ್ನೂ ಒಟ್ಟಿಗೆ ಮನಸ್ಸಿನಲ್ಲಿಟ್ಟುಕೊಂಡು ಓದುವ ಕ್ರಮವನ್ನು ಇಲ್ಲಿ ಹಂತಹಂತವಾಗಿ ಕೊಟ್ಟಿದ್ದೇನೆ. ಹೆಚ್ಚಿನ ಉದಾಹರಣೆಗಳನ್ನು ನ್ಯೂ ಆರ್ಲಿಯನ್ಸ್‌ನಿಂದ ತೆಗೆದುಕೊಂಡಿದ್ದೇನೆ. ಪುಸ್ತಕವನ್ನೂ ನಗರದ ಇತರ ದಾಖಲೆಗಳನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಲು ಅಲ್ಲಿರುವಷ್ಟು ಅನುಕೂಲ ಬೇರೆ ಕಡೆ ವಿರಳ.

ಮೊದಲ ಹೆಜ್ಜೆ: ಪುಸ್ತಕ ಯಾವ ಬಗೆಯದೆಂದು ಗುರುತಿಸಿ

ಇಂಥ ಪುಸ್ತಕಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದರೆ ಮುಂದಿನ ಕೆಲಸವೆಲ್ಲ ಕೆಡುತ್ತದೆ. ಕೆಲವು ಬರಿಯ ವಿಳಾಸಪಟ್ಟಿಗಳು: ಹೆಸರು, ಬೀದಿ, ಮನೆಯ ಸಂಖ್ಯೆ, ಒಂದೆರಡು ಸಂಕೇತ. ಬ್ಲೂ ಬುಕ್ ಮತ್ತು ಸೈಕೆನ್ ಈ ಬಗೆಯವು. ಕೆಲವು ಪಟ್ಟಿಯ ವೇಷದಲ್ಲಿರುವ ಗದ್ಯಚಿತ್ರಗಳು. ಲಂಡನ್ನಿನ ಪಟ್ಟಿಯಲ್ಲಿ ಪ್ರತಿ ಹೆಂಗಸಿನ ರೂಪ, ಸ್ವಭಾವ, ಹಿಂದಿನ ಕಥೆ, ಕೇಳುವ ಹಣ ಎಲ್ಲವನ್ನೂ ಚಮತ್ಕಾರದ ಭಾಷೆಯಲ್ಲಿ ಬರೆಯಲಾಗಿದೆ. ಅದರ ಕರ್ತೃ ಸ್ಯಾಮ್ಯುಯೆಲ್ ಡೆರಿಕ್ ಎಂಬ ಐರಿಷ್ ಕವಿ ಎಂದು ಸಾಮಾನ್ಯವಾಗಿ ಒಪ್ಪಲಾಗಿದೆ. ಹೆಸರು ಮಾತ್ರ ಶೇಕ್ಸ್‌ಪಿಯರ್ಸ್ ಹೆಡ್ ಎಂಬ ಪಾನಗೃಹದ ಮುಖ್ಯ ಪರಿಚಾರಕನೂ ಹೆಸರುವಾಸಿ ತಲೆಹಿಡುಕನೂ ಆಗಿದ್ದ ಜ್ಯಾಕ್ ಹ್ಯಾರಿಸ್‌ನದು. ಬರೆದವನು ಒಬ್ಬ, ಮುಖಪುಟದಲ್ಲಿ ಮಿಂಚುವವನು ಇನ್ನೊಬ್ಬ ಎಂಬುದು ಈ ಸಾಹಿತ್ಯದ ಉದ್ದಕ್ಕೂ ಕಾಣುವ ಪದ್ಧತಿ.

ಮೂರನೆಯ ಬಗೆಯದು ಎಚ್ಚರಿಕೆಯ ಮುಖವಾಡ ತೊಟ್ಟ ಪುಸ್ತಕ. 1870ರಲ್ಲಿ ನ್ಯೂಯಾರ್ಕಿನಲ್ಲಿ ಅಚ್ಚಾದ, ಅಂಗೈಯಲ್ಲಿ ಹಿಡಿಸುವ ‘ಜೆಂಟಲ್‌ಮನ್ಸ್ ಡೈರೆಕ್ಟರಿ’ ನಗರದ ವೇಶ್ಯಾಗೃಹಗಳನ್ನು ಒಂದೊಂದಾಗಿ ಹೆಸರಿಸುತ್ತದೆ. ಓದುಗರು ಅಂಥ ಮನೆಗಳಿಗೆ ಹೋಗಬಯಸುತ್ತಾರೆಂದು ನಾವು ಊಹಿಸುವುದಿಲ್ಲ, ಅವುಗಳಿಂದ ದೂರವಿರಲಿ ಎಂದೇ ತಿಳಿಸುತ್ತಿದ್ದೇವೆ ಎಂಬ ಧಾಟಿಯಲ್ಲಿ ಮುನ್ನುಡಿ ಮಾತಾಡುತ್ತದೆ. ದೂರವಿರಬೇಕಾದವನಿಗೆ ಮನೆಯ ಸಂಖ್ಯೆಯೂ ಒಳಗಿನ ಪೀಠೋಪಕರಣಗಳ ಅಂದವೂ ಏಕೆ ಬೇಕು ಎಂದು ಕೇಳಿಕೊಂಡರೆ ಮುನ್ನುಡಿಯ ಉದ್ದೇಶ ತಾನಾಗಿ ತಿಳಿಯುತ್ತದೆ: ಅದು ಕಾನೂನಿನಿಂದ ಪಾರಾಗುವ ದಾರಿ. ನಾಲ್ಕನೆಯದು ನಗರದ ಗುಟ್ಟುಗಳನ್ನು ಬಯಲಿಗೆಳೆಯುತ್ತೇವೆಂದು ಪತ್ರಕರ್ತರು ಬರೆದ ‘ಬಯಲು’ ಪುಸ್ತಕ. ಅದರ ವಿಷಯ ಮುಂದೆ ಬರುತ್ತದೆ.

ಎರಡನೆಯ ಹೆಜ್ಜೆ: ಪ್ರತಿಯ ಹುಟ್ಟನ್ನು ಪತ್ತೆ ಮಾಡಿ

ಓದುವ ಮೊದಲು, ಮುಂದಿರುವುದು ಮೂಲ ಪ್ರತಿಯ ಚಿತ್ರವೋ, ನಂತರದ ಮರುಮುದ್ರಣವೋ, ಯಾರೋ ಬೆರಳಚ್ಚು ಮಾಡಿ ಏರಿಸಿದ ಪಠ್ಯವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಬ್ಲೂ ಬುಕ್‌ನ ಅತ್ಯುತ್ತಮ ಸಂಗ್ರಹ ಹಿಸ್ಟಾರಿಕ್ ನ್ಯೂ ಆರ್ಲಿಯನ್ಸ್ ಕಲೆಕ್ಷನ್ ಎಂಬ ಸಂಸ್ಥೆಯಲ್ಲಿದೆ. ಸೈಕೆನ್‌ಗಳ ಪುಟಚಿತ್ರಗಳು ಜಪಾನಿನ ರಾಷ್ಟ್ರೀಯ ಡಯಟ್ (ಸಂಸತ್ತು) ಗ್ರಂಥಾಲಯದ ಡಿಜಿಟಲ್ ಸಂಗ್ರಹದಲ್ಲಿ ಸಿಗುತ್ತವೆ. ಇವಲ್ಲದೆ ಇಂಟರ್ನೆಟ್ ಆರ್ಕೈವ್ ಮತ್ತು ಹಾತಿ ಟ್ರಸ್ಟ್ ಎಂಬ ಅಂತರ್ಜಾಲದ ಗ್ರಂಥಸಂಗ್ರಹಗಳಿವೆ. ಸಾಧ್ಯವಾದಷ್ಟೂ ಪುಟದ ಚಿತ್ರವನ್ನೇ ನೋಡಿ. ಬೆರಳಚ್ಚಿನ ಪಠ್ಯದಲ್ಲಿ ಜಾಹೀರಾತು, ಅಲಂಕಾರದ ಗೆರೆ, ಅಕ್ಷರಗಳ ಗಾತ್ರ ಎಲ್ಲವೂ ಮಾಯವಾಗಿರುತ್ತವೆ, ಈ ಪುಸ್ತಕಗಳಲ್ಲಿ ಅರ್ಧ ಮಾತು ಇರುವುದು ಅಲ್ಲಿಯೇ. ಅಮೆರಿಕದಲ್ಲಿ 1930ಕ್ಕಿಂತ ಮೊದಲು ಪ್ರಕಟವಾದ ಕೃತಿಗಳ ಹಕ್ಕುಸ್ವಾಮ್ಯದ ಅವಧಿ ಅಲ್ಲಿ ಮುಗಿದಿರುವುದರಿಂದ ಹಳೆಯ ಪಟ್ಟಿಗಳನ್ನು ಉಚಿತವಾಗಿಯೇ ಇಳಿಸಿಕೊಳ್ಳಬಹುದು, ಸಂಗ್ರಾಹಕರ ಮಾರುಕಟ್ಟೆಯಲ್ಲಿ ದುಬಾರಿ ಪ್ರತಿಯನ್ನು ಕೊಳ್ಳುವ ಅಗತ್ಯವಿಲ್ಲ. ಕೊಳ್ಳಲೇಬೇಕೆಂದಿದ್ದರೆ, ಮೂಲದಂತೆಯೇ ಕಾಣುವ ಮರುಮುದ್ರಣಗಳು ಇವೆ ಎಂಬ ಅರಿವು ಇರಲಿ.

ಬ್ಲೂ ಬುಕ್‌ಗಳ ಹೆಚ್ಚಿನ ಆವೃತ್ತಿಗಳಲ್ಲಿ ವರ್ಷ ನಮೂದಾಗಿಲ್ಲ. ಕಾಲ ನಿರ್ಣಯವನ್ನು ಒಳಗಿನ ಸಾಕ್ಷ್ಯದಿಂದಲೇ ಮಾಡಬೇಕಾಗುತ್ತದೆ. ಜಾಹೀರಾತು ಕೊಟ್ಟ ಮನೆಯ ಯಜಮಾನಿಯ ಹೆಸರನ್ನೂ ವಿಳಾಸವನ್ನೂ ಆ ನಗರದ ವಾರ್ಷಿಕ ಡೈರೆಕ್ಟರಿಯೊಂದಿಗೆ, ಅಂದರೆ ನಿವಾಸಿಗಳ ಹೆಸರು-ವಿಳಾಸಗಳ ಪುಸ್ತಕದೊಂದಿಗೆ, ಹೋಲಿಸಿ, ಆ ಹೆಸರು ಆ ವಿಳಾಸದಲ್ಲಿ ಮೊದಲು ಕಾಣಿಸಿಕೊಳ್ಳುವ ವರ್ಷ ಮತ್ತು ಮರೆಯಾಗುವ ವರ್ಷ ಎರಡನ್ನೂ ಬರೆದಿಟ್ಟುಕೊಳ್ಳಿ. ಹೀಗೆ ನಾಲ್ಕಾರು ಹೆಸರುಗಳನ್ನು ಹಿಡಿದರೆ ಆವೃತ್ತಿಯ ಕಾಲ ಒಂದೆರಡು ವರ್ಷಗಳ ಅಂತರದೊಳಗೆ ಬಂದು ನಿಲ್ಲುತ್ತದೆ. ಕೆಲಸ ನಿಧಾನದ್ದು. ಆದರೆ ಕಾಲ ತಿಳಿಯದ ಪಟ್ಟಿಯಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ.

ಮೂರನೆಯ ಹೆಜ್ಜೆ: ಓದನ್ನು ಜಾಹೀರಾತಿನಿಂದ ಆರಂಭಿಸಿ

ಹೆಸರುಗಳ ಪಟ್ಟಿಗೆ ಹೋಗುವ ಮೊದಲು ಜಾಹೀರಾತಿನ ಪುಟಗಳನ್ನೆಲ್ಲ ಒಮ್ಮೆ ಓದಿ ಮುಗಿಸುವುದು ಒಳ್ಳೆಯದು. ನ್ಯೂ ಆರ್ಲಿಯನ್ಸ್ ನಗರಸಭೆ 1897ರಲ್ಲಿ ಸಿಡ್ನಿ ಸ್ಟೋರಿ ಎಂಬ ಸದಸ್ಯರ ಪ್ರಸ್ತಾವದಂತೆ ವೇಶ್ಯಾವೃತ್ತಿಯನ್ನು ಕೆಲವು ನಿಗದಿತ ಬೀದಿಗಳ ಮಿತಿಯೊಳಗೆ ಇರಿಸುವ ಕಾನೂನು ಮಾಡಿತು. 1898ರ ಜನವರಿ 1ರಿಂದ ಜಾರಿಗೆ ಬಂದ ಆ ವಲಯಕ್ಕೆ ಜನ ಅದೇ ಸದಸ್ಯರ ಹೆಸರು ಸೇರಿಸಿ ಸ್ಟೋರಿವಿಲ್ ಎಂದರು. ಬ್ಲೂ ಬುಕ್ ಈ ವಲಯದ ಕೈಪಿಡಿ. ಊರಿಗೆ ಬಂದಿಳಿಯುವ ಪ್ರಯಾಣಿಕರಿಗೆ ರೈಲು ನಿಲ್ದಾಣದ ಬಳಿ, ಕ್ಷೌರದಂಗಡಿಗಳಲ್ಲಿ, ಸಲೂನು ಎಂಬ ಮದ್ಯದಂಗಡಿಗಳಲ್ಲಿ ಅದನ್ನು ಮಾರುತ್ತಿದ್ದರು. 1908ರಲ್ಲಿ ಕೆನಾಲ್ ಬೀದಿ ಮತ್ತು ಬೇಸಿನ್ ಬೀದಿ ಕೂಡುವ ಜಾಗದಲ್ಲಿ ಹೊಸ ನಿಲ್ದಾಣ ತೆರೆದ ಮೇಲಂತೂ, ರೈಲಿಳಿದವನಿಗೆ ವಲಯದ ದೊಡ್ಡ ಮನೆಗಳು ಕೆಲವೇ ಹೆಜ್ಜೆಗಳ ದೂರದಲ್ಲಿದ್ದವು.

ಜಾಹೀರಾತುಗಳಲ್ಲಿ ಬೇಸಿನ್ ಬೀದಿಯ ಭವ್ಯ ಮನೆಗಳಿವೆ, ಮದ್ಯ ಮತ್ತು ಚುರುಟಿನ ಕಂಪನಿಗಳಿವೆ, ಔಷಧದ ಅಂಗಡಿಗಳಿವೆ, ಲೈಂಗಿಕ ರೋಗಗಳನ್ನು ಗುಣಪಡಿಸುತ್ತೇವೆಂಬ ಔಷಧಗಳಿವೆ. ಈ ಕೊನೆಯ ಬಗೆಯ ಜಾಹೀರಾತನ್ನು ಗಮನವಿಟ್ಟು ನೋಡಬೇಕು. ಪುಸ್ತಕದ ಗದ್ಯ ಎಲ್ಲಿಯೂ ಒಪ್ಪಿಕೊಳ್ಳದ ಸತ್ಯ ಅಲ್ಲಿ ಬೆಲೆ ಕಟ್ಟಿಕೊಂಡು ಕುಳಿತಿದೆ. ಹಾಗೆಯೇ ಯಾರ ಹೆಸರು ಮತ್ತೆ ಮತ್ತೆ ಬರುತ್ತದೆ ಎಂದು ಎಣಿಸಿ. ಬ್ಲೂ ಬುಕ್‌ನಲ್ಲಿ ಹಾಗೆ ಎದ್ದು ಕಾಣುವುದು ಟಾಮ್ ಆಂಡರ್ಸನ್ ಹೆಸರು. ವಲಯದ ಬಾಗಿಲಲ್ಲೇ ಸಲೂನು ನಡೆಸುತ್ತಿದ್ದ ಅವರು ಲೂಸಿಯಾನಾ ರಾಜ್ಯದ ಶಾಸಕರೂ ಆಗಿದ್ದರು, ಕೈಪಿಡಿಯ ಹಿಂದಿನ ಬೆಂಬಲವೂ ಅವರದೇ ಎಂದು ಸಂಶೋಧಕರು ಗುರುತಿಸಿದ್ದಾರೆ. ಶಾಸಕ, ಸಲೂನಿನ ಒಡೆಯ, ಕೈಪಿಡಿಯ ಪೋಷಕ ಮೂವರೂ ಒಬ್ಬರೇ ಎಂಬುದು ತಿಳಿದ ಮೇಲೆ, ಕೈಪಿಡಿ ಯಾವ ಮನೆಯನ್ನು ಹೊಗಳುತ್ತದೆ ಎಂಬ ಪ್ರಶ್ನೆಗೆ ಬೇರೆಯೇ ತೂಕ ಬರುತ್ತದೆ.

ಎಡೊದಲ್ಲೂ ಇದೇ ಪರೀಕ್ಷೆ ಸಲ್ಲುತ್ತದೆ. ಯೋಶಿವಾರಾದ ಮಹಾದ್ವಾರದ ಹೊರಗೆ ಪುಸ್ತಕದ ಅಂಗಡಿ ಇಟ್ಟಿದ್ದ ತ್ಸುತಾಯಾ ಜೂಜಾಬುರೊ 1775ರಿಂದ ತಮ್ಮದೇ ಸೈಕೆನ್ ಹೊರತಂದರು. ಬೀದಿಯನ್ನು ಪುಟದ ನಡುವೆ ಬಿಡಿಸಿ, ಎರಡೂ ಬದಿಯ ಮನೆಗಳನ್ನು ಎದುರುಬದುರಾಗಿ ತೋರಿಸುವ ಅವರ ವಿನ್ಯಾಸ ಓದಲು ಸುಲಭವಾಗಿತ್ತು, ಕೆಲವೇ ವರ್ಷಗಳಲ್ಲಿ ಈ ಪುಸ್ತಕದ ವ್ಯಾಪಾರವೆಲ್ಲ ಅವರ ಕೈ ಸೇರಿತು. ಮುಂದೆ ಉತಾಮಾರೊ ಮತ್ತು ಶರಾಕು ಎಂಬ ಹೆಸರಾಂತ ಕಲಾವಿದರ ಮರದಚ್ಚಿನ ಚಿತ್ರಗಳನ್ನು ಪ್ರಕಟಿಸಿ ಹೆಸರಾದವರೂ ಇವರೇ. 1774ರ ಒಂದು ಸೈಕೆನ್‌ಗೆ ಆ ಕಾಲದ ದೊಡ್ಡ ವಿದ್ವಾಂಸ ಹಿರಾಗಾ ಗೆನ್ನಾಯ್ ಮುನ್ನುಡಿ ಬರೆದಿದ್ದಾರೆ. ದೊಡ್ಡವರ ಮುನ್ನುಡಿಯನ್ನೂ ಜಾಹೀರಾತಿನ ಸಾಲಿಗೇ ಸೇರಿಸಿ ಓದಿ.

ನಾಲ್ಕನೆಯ ಹೆಜ್ಜೆ: ಸಂಕೇತಗಳನ್ನು ಬಿಡಿಸಿ

ಬ್ಲೂ ಬುಕ್‌ನಲ್ಲಿ ಹೆಸರಿನ ಪಕ್ಕ ಒಂದೊಂದು ಅಕ್ಷರ ಇರುತ್ತದೆ: ಬಿಳಿಯರಿಗೆ ಡಬ್ಲ್ಯೂ, ಕರಿಯರಿಗೆ ಸಿ, ಎಂಟರಲ್ಲಿ ಒಂದು ಪಾಲು ಆಫ್ರಿಕನ್ ರಕ್ತ ಎಂದು ಬಣ್ಣಿಸಲಾದವರಿಗೆ ‘ಆಕ್ಟ್’ ಎಂಬ ಮೂರಕ್ಷರ, ಕೆಲವು ಆವೃತ್ತಿಗಳಲ್ಲಿ ಯಹೂದಿಯರಿಗೆ ಜೆ. ಮನುಷ್ಯರನ್ನು ಹೀಗೆ ಅಕ್ಷರಕ್ಕೆ ಇಳಿಸಿದ್ದನ್ನು ಓದುವಾಗ ಮನಸ್ಸಿಗೆ ನೋವಾಗುತ್ತದೆ, ಆಗಬೇಕು. ಆದರೂ ಆ ಅಕ್ಷರಗಳನ್ನು ಬಿಟ್ಟು ನಕಲು ಮಾಡಬೇಡಿ. ಜನಾಂಗಭೇದದ ಕಾನೂನುಗಳು ಬಿಗಿಯಾಗುತ್ತಿದ್ದ ಕಾಲದ ಆ ರಾಜ್ಯದಲ್ಲಿ, ಹಗಲಲ್ಲಿ ನಿಷಿದ್ಧವಾಗಿದ್ದ ಬೆರಕೆಯನ್ನೇ ರಾತ್ರಿಯ ಆಕರ್ಷಣೆಯಾಗಿ ಮಾರುತ್ತಿದ್ದರೆಂಬುದಕ್ಕೆ ಅವು ನೇರ ಸಾಕ್ಷ್ಯ.

ಸೈಕೆನ್‌ನಲ್ಲಿ ಬೆಟ್ಟದಾಕಾರದ ಗುರುತುಗಳೂ ನಕ್ಷತ್ರಗಳೂ ಹೆಂಗಸಿನ ದರ್ಜೆಯನ್ನು ಸೂಚಿಸುತ್ತವೆ, ದರ್ಜೆಯಿಂದ ಶುಲ್ಕ ತಿಳಿಯುತ್ತದೆ. ಅಲ್ಲಿ ಹೆಸರಿನ ಬಗ್ಗೆ ವಿಶೇಷ ಜಾಗರೂಕತೆ ಬೇಕು. ಮಿಉರಾಯಾ ಎಂಬ ಮನೆಯ ‘ತಾಕಾವೊ’ ಎಂಬ ಹೆಸರನ್ನು ಒಬ್ಬರ ನಂತರ ಒಬ್ಬರಂತೆ ಹಲವು ಹೆಂಗಸರು ಧರಿಸಿದರು. ವೃತ್ತಿನಾಮ ಮನೆಯ ಆಸ್ತಿಯಾಗಿತ್ತು, ವ್ಯಕ್ತಿಯದಲ್ಲ. ಆದ್ದರಿಂದ ಇಪ್ಪತ್ತು ವರ್ಷಗಳ ಅಂತರದ ಎರಡು ಆವೃತ್ತಿಗಳಲ್ಲಿ ಒಂದೇ ಹೆಸರು ಕಂಡರೆ ಅದು ಒಬ್ಬಳೇ ಹೆಂಗಸಿನ ಬದುಕೆಂದು ಕಥೆ ಕಟ್ಟುವಂತಿಲ್ಲ. ಲಂಡನ್ನಿನ ಪಟ್ಟಿಯಲ್ಲಿ ಹೆಸರಿನ ನಡುವಿನ ಅಕ್ಷರಗಳನ್ನು ತೆಗೆದು ಗೆರೆ ಎಳೆದಿರುತ್ತಾರೆ, ಊರಿನವರಿಗೆ ತಿಳಿಯುತ್ತದೆ, ನ್ಯಾಯಾಲಯದಲ್ಲಿ ಸಾಬೀತಾಗುವುದಿಲ್ಲ. ಗೆರೆಯ ಜಾಗವನ್ನು ಊಹೆಯಿಂದ ತುಂಬಿದಾಗ ಅದು ನಿಮ್ಮ ಊಹೆ ಎಂದು ಅಲ್ಲಿಯೇ ನಮೂದಿಸಿ.

ಐದನೆಯ ಹೆಜ್ಜೆ: ವಿಳಾಸವನ್ನು ನಕ್ಷೆಯ ಮೇಲೆ ಇಡಿ

ವಿಳಾಸವನ್ನು ಇಂದಿನ ನಕ್ಷೆಯಲ್ಲಿ ಹುಡುಕಿದರೆ ದಾರಿ ತಪ್ಪುವುದು ಖಂಡಿತ. ಬೀದಿಯ ಹೆಸರೂ ಮನೆಯ ಸಂಖ್ಯೆಯೂ ಬದಲಾಗುತ್ತವೆ. ನ್ಯೂ ಆರ್ಲಿಯನ್ಸ್‌ನ ಕಸ್ಟಮ್‌ಹೌಸ್ ಬೀದಿ ಈಗ ಐಬರ್‌ವಿಲ್ ಬೀದಿ. ವಲಯ ಮುಚ್ಚಿದ ಮೇಲೆ ಬೇಸಿನ್ ಬೀದಿಯ ಕುಖ್ಯಾತಿಯನ್ನು ಮರೆಸಲು ಕೆಲಕಾಲ ಅದಕ್ಕೆ ಸಾರಟೋಗಾ ಎಂಬ ಹೆಸರು ಇಟ್ಟಿದ್ದರು. ಬರ್ಲಿನ್ನಿನ ಹೆಸರಾಂತ ಎಲ್ಡೊರಾಡೊ ಕ್ಲಬ್ಬಿನ ವಿಳಾಸ ಆಗ ಮೊಟ್ಜ್ ಬೀದಿಯ 15, ಇಂದು ಅದೇ ಕಟ್ಟಡದ ಸಂಖ್ಯೆ 24.

ಅಮೆರಿಕದ ನಗರಗಳಿಗೆ ಸ್ಯಾನ್‌ಬಾರ್ನ್ ಕಂಪನಿಯ ಅಗ್ನಿವಿಮೆ ನಕ್ಷೆಗಳಷ್ಟು ಉಪಯುಕ್ತವಾದುದು ಬೇರೆ ಇಲ್ಲ. ಲೈಬ್ರರಿ ಆಫ್ ಕಾಂಗ್ರೆಸ್ ಅವುಗಳನ್ನು ಉಚಿತವಾಗಿ ಒದಗಿಸಿದೆ. ವಿಮೆಯವರಿಗೆ ಬೇಕಿದ್ದುದು ಕಟ್ಟಡಕ್ಕೆ ಬೆಂಕಿ ತಗಲುವ ಅಪಾಯದ ಅಂದಾಜು. ಆದ್ದರಿಂದ ಪ್ರತಿ ಕಟ್ಟಡದ ಅಂತಸ್ತು, ಛಾವಣಿ, ಗೋಡೆಯ ಸಾಮಗ್ರಿ ಎಲ್ಲವನ್ನೂ ಗುರುತಿಸಿದ್ದಾರೆ, ಗುಲಾಬಿ ಬಣ್ಣ ಇಟ್ಟಿಗೆಗೆ, ಹಳದಿ ಮರಕ್ಕೆ. ವೇಶ್ಯಾಗೃಹಗಳ ಮೇಲೆ ‘ಎಫ್.ಬಿ.’ ಎಂಬ ಎರಡಕ್ಷರ ಇರುತ್ತದೆ, ಹೆಂಗಸರ ವಸತಿ ಎಂಬುದರ ಸಂಕ್ಷೇಪ. ಕೈಪಿಡಿ ಅರಮನೆಯೆಂದು ಬಣ್ಣಿಸಿದ ಮನೆ ನಕ್ಷೆಯಲ್ಲಿ ಎರಡಂತಸ್ತಿನ ಹಳದಿ ಚೌಕವಾಗಿ ಕಂಡರೆ, ಬಣ್ಣನೆಯಲ್ಲಿ ಎಷ್ಟು ಪಾಲು ಬಣ್ಣವೆಂಬುದು ಅಲ್ಲಿಯೇ ಗೊತ್ತಾಗುತ್ತದೆ. ಇದೇ ನಕ್ಷೆಯಲ್ಲಿ ಕೈಪಿಡಿ ಹೇಳದ ಇನ್ನೊಂದು ಲೋಕವೂ ಇದೆ: ದೊಡ್ಡ ಮನೆಗಳ ಹಿಂದಿನ ಬೀದಿಗಳಲ್ಲಿ ಸಾಲುಸಾಲಾಗಿ ಒಂಟಿ ಕೋಣೆಗಳು. ಆ ಕೋಣೆಗಳನ್ನು ಬಾಡಿಗೆಗೆ ಹಿಡಿದು ಕೆಲಸ ಮಾಡುತ್ತಿದ್ದ ಹೆಂಗಸರಿಗೆ ಪುಟದ ಜಾಹೀರಾತು ಕೊಡುವ ಶಕ್ತಿ ಇರಲಿಲ್ಲ.

ಲಂಡನ್ನಿಗೆ 1746ರ ಜಾನ್ ರೋಕ್ ನಕ್ಷೆಯೂ 1790ರ ದಶಕದ ಹಾರ್ವುಡ್ ನಕ್ಷೆಯೂ ಇವೆ. ಬರ್ಲಿನ್ನಿಗೆ ಅಲ್ಲಿನ ಕೇಂದ್ರ ಗ್ರಂಥಾಲಯ ಡಿಜಿಟಲ್ ಮಾಡಿರುವ ವಿಳಾಸ ಪುಸ್ತಕಗಳು 1943ರವರೆಗೆ ದೊರೆಯುತ್ತವೆ.

ಆರನೆಯ ಹೆಜ್ಜೆ: ಬೇರೆ ದಾಖಲೆಯ ಎದುರು ನಿಲ್ಲಿಸಿ

ಇದೇ ಇಡೀ ಕೆಲಸದ ಜೀವಾಳ, ಇದಕ್ಕೆ ಹೆಚ್ಚಿನ ಸಮಯ ಮೀಸಲಿಡಿ. ಕೈಪಿಡಿಯ ಒಂದೊಂದು ಹೇಳಿಕೆಯನ್ನೂ ಬೇರೆ ಉದ್ದೇಶಕ್ಕೆ ಹುಟ್ಟಿದ ದಾಖಲೆಯ ಎದುರು ಇಟ್ಟು ನೋಡಬೇಕು: ಜನಗಣತಿ, ಡೈರೆಕ್ಟರಿ, ಆಸ್ತಿಪತ್ರ, ಪತ್ರಿಕೆ, ನ್ಯಾಯಾಲಯದ ಕಡತ. ಅಮೆರಿಕದ ಜನಗಣತಿಯ ಮನೆವಾರು ಹಾಳೆಗಳು 72 ವರ್ಷಗಳ ನಂತರ ಸಾರ್ವಜನಿಕರಿಗೆ ತೆರೆಯುತ್ತವೆ, ಹಾಗಾಗಿ ಸ್ಟೋರಿವಿಲ್ ಇದ್ದ ಕಾಲದ 1900 ಮತ್ತು 1910ರ ಗಣತಿಗಳೆರಡೂ ನೋಡಲು ಲಭ್ಯ. ಅಲ್ಲಿನ ಹಳೆಯ ಪತ್ರಿಕೆಗಳನ್ನು ಕ್ರಾನಿಕ್ಲಿಂಗ್ ಅಮೆರಿಕಾ ಸಂಗ್ರಹದಲ್ಲಿ ಹುಡುಕಬಹುದು. ಲಂಡನ್ನಿಗೆ ಓಲ್ಡ್ ಬೈಲಿ ನ್ಯಾಯಾಲಯದ 1674ರಿಂದ 1913ರವರೆಗಿನ ವಿಚಾರಣೆಗಳ ಮುದ್ರಿತ ವರದಿಗಳು ಅಂತರ್ಜಾಲದಲ್ಲಿವೆ. ಕಳ್ಳತನದ ಮೊಕದ್ದಮೆಯೊಂದರ ನಡುವೆ ಕಾವೆಂಟ್ ಗಾರ್ಡನ್ನಿನ ಹೆಂಗಸು ತಾನೇ ಮಾತಾಡುವುದನ್ನು ಅಲ್ಲಿ ಓದಬಹುದು.

ಎರಡು ಉದಾಹರಣೆಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಬೇಸಿನ್ ಬೀದಿಯ ಮಹಾಗನಿ ಹಾಲ್ ಎಂಬ ನಾಲ್ಕಂತಸ್ತಿನ ಮನೆಯ ಯಜಮಾನಿ ಲುಲು ವೈಟ್. ಕೈಪಿಡಿಯಲ್ಲೂ ಅವರು ತಾವೇ ಹೊರತಂದ ಪ್ರಚಾರ ಪುಸ್ತಿಕೆಯಲ್ಲೂ ವಜ್ರಾಭರಣದ ವೈಭವ ತುಂಬಿದೆ. ತಾನು ವೆಸ್ಟ್ ಇಂಡೀಸ್‌ನವಳೆಂದು ಅವರು ಹೇಳಿಕೊಳ್ಳುತ್ತಿದ್ದರು. ಸರ್ಕಾರಿ ದಾಖಲೆಗಳು ತೋರಿಸುವ ಹುಟ್ಟೂರು ಅಲಬಾಮಾ ರಾಜ್ಯದ್ದು. ಇದನ್ನು ಕಂಡು ಅವರನ್ನು ಸುಳ್ಳುಗಾರ್ತಿ ಎಂದು ಬರೆದು ಮುಗಿಸುವುದು ಓದುಗನ ಸೋಮಾರಿತನ. ಅಲಬಾಮಾದ ಕರಿಯ ಹೆಣ್ಣುಮಗಳೊಬ್ಬಳಿಗೆ ಆ ಕಾಲದ ಅಮೆರಿಕದ ದಕ್ಷಿಣ ಭಾಗದ ರಾಜ್ಯಗಳಲ್ಲಿ ತೆರೆದಿದ್ದ ಬಾಗಿಲುಗಳು ಎಷ್ಟು, ದ್ವೀಪದಿಂದ ಬಂದ ಚೆಲುವೆಗೆ ತೆರೆಯುತ್ತಿದ್ದ ಬಾಗಿಲುಗಳು ಎಷ್ಟು ಎಂಬ ಲೆಕ್ಕ ಆಕೆಗೆ ಚೆನ್ನಾಗಿ ತಿಳಿದಿತ್ತು. ಕೈಪಿಡಿ ಮತ್ತು ಗಣತಿಯ ನಡುವಿನ ಆ ಅಂತರವನ್ನೇ ಸಾಕ್ಷ್ಯವೆಂದು ಟಿಪ್ಪಣಿ ಮಾಡಿಕೊಳ್ಳಿ.

ಇನ್ನೊಬ್ಬರು ವಿಲ್ಲಿ ಪಿಯಾಜಾ. ಕೈಪಿಡಿಯಲ್ಲಿ ಅವರದೂ ಜಾಹೀರಾತಿನ ಮಾತೇ: ಸಂಗೀತ, ಸೌಂದರ್ಯ, ಆತಿಥ್ಯ. 1917ರಲ್ಲಿ ನಗರಸಭೆ ಕರಿಯ ಹೆಂಗಸರೆಲ್ಲ ಸ್ಟೋರಿವಿಲ್ ಬಿಟ್ಟು ಪ್ರತ್ಯೇಕ ವಲಯಕ್ಕೆ ಹೋಗಬೇಕೆಂದು ಆದೇಶಿಸಿದಾಗ, ಸ್ವಂತ ಮನೆ ಹೊಂದಿದ್ದ ಪಿಯಾಜಾ ಒಪ್ಪಲಿಲ್ಲ. ಮೊಕದ್ದಮೆ ಲೂಸಿಯಾನಾದ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಯಿತು, ಅಲ್ಲಿ ಅವರು ಗೆದ್ದರು. ಕೈಪಿಡಿಯನ್ನಷ್ಟೇ ಓದಿದವರಿಗೆ ಪಿಯಾಜಾ ಅಲಂಕಾರದ ಚೌಕಟ್ಟಿನೊಳಗಿನ ಒಂದು ಹೆಸರು. ನ್ಯಾಯಾಲಯದ ಕಡತ ಓದಿದವರಿಗೆ, ನಗರಸಭೆಯನ್ನು ಎದುರಿಸಿ ನಿಂತ ಆಸ್ತಿವಂತ ನಾಗರಿಕೆ. ಅದೇ ವರ್ಷದ ನವೆಂಬರಿನಲ್ಲಿ, ಯುದ್ಧಕಾಲದ ಸೈನಿಕರ ಆರೋಗ್ಯದ ಕಾರಣ ಕೊಟ್ಟು ಕೇಂದ್ರ ಸರ್ಕಾರ ಒತ್ತಡ ತಂದುದರಿಂದ ಇಡೀ ವಲಯವನ್ನೇ ಮುಚ್ಚಲಾಯಿತು. ಮಹಾಗನಿ ಹಾಲ್‌ನ ಕಟ್ಟಡವನ್ನು 1949ರಲ್ಲಿ ಕೆಡವಿದರು.

ಪ್ರಕಾಶಕರ ಮೇಲಿನ ಮೊಕದ್ದಮೆಗಳನ್ನೂ ಹುಡುಕಬೇಕು. ಪುಸ್ತಕ ಏಕೆ ನಿಂತಿತೆಂಬುದನ್ನು ಅವು ತಿಳಿಸುತ್ತವೆ. ಲಂಡನ್ನಿನ ಪಟ್ಟಿ 1795ರಲ್ಲಿ ನಿಂತದ್ದು ಓದುಗರ ಕೊರತೆಯಿಂದಲ್ಲ. ಅದನ್ನು ಮಾರಿದ ಜೇಮ್ಸ್ ರೋಚ್ ಎಂಬ ಪುಸ್ತಕ ವ್ಯಾಪಾರಿಗೆ ನ್ಯೂಗೇಟ್ ಸೆರೆಮನೆಯಲ್ಲಿ ಒಂದು ವರ್ಷದ ಶಿಕ್ಷೆಯಾಯಿತು.

ಏಳನೆಯ ಹೆಜ್ಜೆ: ಪಟ್ಟಿಯಲ್ಲಿ ಇಲ್ಲದವರನ್ನು ಎಣಿಸಿ

ಒಂದು ಹಾಳೆಯಲ್ಲಿ ಕೈಪಿಡಿ ಹೇಳದ ಸಂಗತಿಗಳನ್ನು ಬರೆಯುತ್ತಾ ಹೋಗಿ. ಹೆಂಗಸು ಆ ಮನೆಗೆ ಬಂದದ್ದು ಹೇಗೆ? ಗಳಿಕೆಯಲ್ಲಿ ಅವಳ ಪಾಲೆಷ್ಟು? ಬಟ್ಟೆ, ಊಟ, ಔಷಧದ ಸಾಲ ಯಾರ ಪುಸ್ತಕದಲ್ಲಿ ಏರುತ್ತಿತ್ತು? ಹೊರಡಬೇಕೆಂದಾಗ ಹೊರಡಬಹುದಿತ್ತೇ? ಅಡುಗೆಯವರು, ಬಟ್ಟೆ ಒಗೆಯುವವರು, ಪಿಯಾನೊ ನುಡಿಸುವವರು ಎಲ್ಲಿ? ಸ್ಟೋರಿವಿಲ್‌ನ ಮನೆಗಳಲ್ಲಿ ಪಿಯಾನೊ ನುಡಿಸುತ್ತಿದ್ದವರಲ್ಲಿ ಜೆಲ್ಲಿ ರೋಲ್ ಮಾರ್ಟನ್ ಒಬ್ಬರು. ಜ್ಯಾಜ್ ಸಂಗೀತದ ಚರಿತ್ರೆಯಲ್ಲಿ ಅಷ್ಟು ದೊಡ್ಡ ಹೆಸರಿನ ಅವರು ಬಾಗಿಲ ಒಳಗೆ ಇದ್ದದ್ದು ಸಂಗೀತಗಾರರಾಗಿ ಮಾತ್ರ, ಕರಿಯ ಗಂಡಸರಿಗೆ ಆ ಮನೆಗಳಲ್ಲಿ ಗಿರಾಕಿಯಾಗಿ ಪ್ರವೇಶವಿರಲಿಲ್ಲ.

ಯೋಶಿವಾರಾದ ಬಗ್ಗೆ ಈ ಪ್ರಶ್ನೆಗಳು ಇನ್ನೂ ಕಠಿಣವಾಗುತ್ತವೆ. 1657ರ ಮಹಾ ಅಗ್ನಿದುರಂತದ ನಂತರ ನಗರದ ಅಂಚಿಗೆ ಸ್ಥಳಾಂತರಗೊಂಡ ಆ ಕೇರಿಯ ಸುತ್ತ ಕಂದಕವಿತ್ತು, ಹೋಗಿಬರಲು ಇದ್ದದ್ದು ಒಂದೇ ಮಹಾದ್ವಾರ. ಬಡ ತಂದೆತಾಯಿ ಮುಂಗಡ ಹಣ ಪಡೆದು ಒಪ್ಪಂದದ ಮೇಲೆ ಒಪ್ಪಿಸಿದ ಹುಡುಗಿಯರು ಆ ದ್ವಾರದ ಒಳಗೆ ವರ್ಷಗಟ್ಟಲೆ ಉಳಿಯುತ್ತಿದ್ದರು. ಸೈಕೆನ್‌ನ ಸುಂದರ ಅಕ್ಷರಗಳಲ್ಲಿ ಇದರ ಸುಳಿವೇ ಇಲ್ಲ. ಅದು ಇರುವುದು ಹತ್ತಿರದ ಮಿನೊವಾದ ಜೋಕಾನ್‌ಜಿ ದೇವಾಲಯದಲ್ಲಿ. ಸತ್ತಾಗ ಯಾರೂ ಕೇಳುವವರಿಲ್ಲದ ಹೆಂಗಸರ ಶವಗಳನ್ನು ತಂದು ಹಾಕುತ್ತಿದ್ದ ಕಾರಣಕ್ಕೆ ಜನ ಅದನ್ನು ಎಸೆದುಹೋಗುವ ದೇವಾಲಯವೆಂದೇ ಕರೆದರು. ಅಲ್ಲಿ ಮಣ್ಣಾದವರು ಸುಮಾರು 25,000 ಎಂದು ಹೇಳಲಾಗುತ್ತದೆ. ಸೈಕೆನ್ ಓದುವವರು ಆ ದೇವಾಲಯದ ಬಗ್ಗೆಯೂ ಓದಲೇಬೇಕು, ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಬಣ್ಣನೆಗೂ ಸಾಕ್ಷ್ಯಕ್ಕೂ ಇರುವ ವ್ಯತ್ಯಾಸ ಕನ್ನಡದ ಓದುಗರಿಗೆ ಹೊಸದೇನಲ್ಲ. ಪಂಪನ ವಿಕ್ರಮಾರ್ಜುನ ವಿಜಯದ ನಾಲ್ಕನೆಯ ಆಶ್ವಾಸದಲ್ಲಿ ಅರ್ಜುನ ರಾತ್ರಿ ಸೂಳೆಗೇರಿಯನ್ನು ಹಾದುಹೋಗುವ ಭಾಗವನ್ನು, ಪಾನಗೋಷ್ಠಿಯ ಚಿತ್ರವನ್ನು ನಾವು ಕಾವ್ಯಸಂಪ್ರದಾಯದ ವರ್ಣನೆಯೆಂದು ತಿಳಿದೇ ಸವಿಯುತ್ತೇವೆ. ಅದೇ ವಿವೇಕ ಇಲ್ಲಿಯೂ ಬೇಕು. ಲಂಡನ್ನಿನ ಪಟ್ಟಿಯಲ್ಲಿ ಕಣ್ಣು, ಹಲ್ಲು, ಕೂದಲಿನ ಮಾತು ಒಂದೇ ಅಚ್ಚಿನಲ್ಲಿ ಮತ್ತೆ ಮತ್ತೆ ಬಂದರೆ ಅದು ಲೇಖಕನ ರೂಢಿಯೆಂದು ತಿಳಿಯಿರಿ, ಅಚ್ಚು ಮುರಿದು ಬೇರೆ ವಿವರ ಬಂದ ಜಾಗದಲ್ಲಿ ನಿಂತು ನೋಡಿ.

ಎಂಟನೆಯ ಹೆಜ್ಜೆ: ಪತ್ರಕರ್ತರ ‘ಬಯಲು’ ಪುಸ್ತಕಗಳಿಗೆ ಬೇರೆ ಅಳತೆ

ನ್ಯೂಯಾರ್ಕಿನ ಡೈಲಿ ಮಿರರ್ ಪತ್ರಿಕೆಯ ಜ್ಯಾಕ್ ಲೇಟ್ ಮತ್ತು ಲೀ ಮಾರ್ಟಿಮರ್ 1948ರಿಂದ 1952ರವರೆಗೆ ನ್ಯೂಯಾರ್ಕ್, ಶಿಕಾಗೊ, ವಾಷಿಂಗ್ಟನ್, ಕೊನೆಗೆ ಇಡೀ ಅಮೆರಿಕದ ಮೇಲೆ ‘ಕಾನ್ಫಿಡೆನ್ಷಿಯಲ್’ ಎಂಬ ಸರಣಿ ಬರೆದರು. ಕ್ಲಬ್ಬು, ಜೂಜು, ದಂಧೆಕೋರರು, ರಾಜಕಾರಣ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಪುಸ್ತಕಗಳು ಲಕ್ಷಾಂತರ ಓದುಗರನ್ನು ಸೆಳೆದವು. ಇವುಗಳಲ್ಲಿ ಕರಿಯರ ಬಗ್ಗೆ, ವಲಸಿಗರ ಬಗ್ಗೆ, ಸಲಿಂಗಿಗಳ ಬಗ್ಗೆ ಇರುವ ದ್ವೇಷದ ಮಾತುಗಳು ಯಾವ ಕಾರಣಕ್ಕೂ ಮಾಹಿತಿಯಲ್ಲ. ಅವು ಆ ಕಾಲದ ಬಿಳಿಯ ಓದುಗರ ಭಯಗಳ ದಾಖಲೆ. ಹೀಗಾಗಿ ಎರಡು ಅಂಕಣ ಮಾಡಿಕೊಳ್ಳಿ: ಸ್ಥಳ, ಬೆಲೆ, ಸಮಯ, ಉಡುಪಿನಂಥ ಪರೀಕ್ಷಿಸಬಲ್ಲ ಸಂಗತಿಗಳು ಒಂದರಲ್ಲಿ, ಇಡೀ ಸಮುದಾಯದ ನಡತೆಯ ಬಗೆಗಿನ ತೀರ್ಪುಗಳು ಇನ್ನೊಂದರಲ್ಲಿ. ಎರಡನೆಯ ಅಂಕಣದಿಂದ ಜನರ ಬಗ್ಗೆ ಏನನ್ನೂ ಎತ್ತಿಕೊಳ್ಳಬೇಡಿ.

ಈ ಸರಣಿಯ ಕೊನೆಯ ಪುಸ್ತಕ ಡಲ್ಲಾಸ್‌ನ ನೀಮನ್ ಮಾರ್ಕಸ್ ಮಳಿಗೆಯ ಸಿಬ್ಬಂದಿಯ ನಡತೆಯ ಮೇಲೆ ಆರೋಪ ಹೊರಿಸಿದ್ದರಿಂದ ಮಾನನಷ್ಟ ಮೊಕದ್ದಮೆಯಾಯಿತು. 1952ರ ತೀರ್ಪಿನಲ್ಲಿ ನ್ಯಾಯಾಲಯ, 25 ಮಂದಿ ಪುರುಷ ಮಾರಾಟಗಾರರ ಸಣ್ಣ ಗುಂಪಿನ ಪರವಾಗಿ ದಾವೆ ನಡೆಯಬಹುದೆಂದೂ, 382 ಮಂದಿ ಮಾರಾಟಗಾರ್ತಿಯರ ದೊಡ್ಡ ಗುಂಪಿನಲ್ಲಿ ಯಾರನ್ನೂ ನಿರ್ದಿಷ್ಟವಾಗಿ ಗುರುತಿಸಿದಂತಾಗದ ಕಾರಣ ಅವರ ದಾವೆ ನಿಲ್ಲದೆಂದೂ ಹೇಳಿತು. ಮಾನನಷ್ಟದ ಕಾನೂನು ಕಲಿಯುವ ವಿದ್ಯಾರ್ಥಿಗಳು ಈ ತೀರ್ಪನ್ನು ಇಂದಿಗೂ ಓದುತ್ತಾರೆ. ದೊಡ್ಡ ಗುಂಪಿನ ಮೇಲೆ ಕೆಸರೆರಚಿದರೆ ಲೇಖಕನಿಗೆ ಅಪಾಯ ಕಡಿಮೆ ಎಂಬ ಪಾಠವನ್ನು ಮನಸ್ಸಿನಲ್ಲಿಟ್ಟು ಇಂಥ ಪುಸ್ತಕದ ಸಾಮಾನ್ಯ ಹೇಳಿಕೆಗಳನ್ನು ತೂಗಬೇಕು.

ಒಂಬತ್ತನೆಯ ಹೆಜ್ಜೆ: ಪುಸ್ತಕದ ನಂತರ ಏನಾಯಿತೆಂದು ಕೇಳಿ

ಕುರ್ಟ್ ಮೊರೆಕ್ ಎಂಬ ಹೆಸರಿನಲ್ಲಿ ಕೊನ್ರಾಡ್ ಹೆಮರ್ಲಿಂಗ್ ಬರೆದ, 1931ರ ಬರ್ಲಿನ್ ಕೈಪಿಡಿ ಈ ಸಾಲಿನಲ್ಲಿ ಭಿನ್ನವಾಗಿ ನಿಲ್ಲುತ್ತದೆ. ಸಲಿಂಗಿ ಗಂಡಸರು ಮತ್ತು ಹೆಂಗಸರು ಸೇರುವ ಕ್ಲಬ್ಬುಗಳ ಬಗ್ಗೆ ಅದು ಸ್ನೇಹದಿಂದ ಬರೆಯುತ್ತದೆ, ಜೀನ್ ಮಾಮೆನ್ ಅಂಥ ಕಲಾವಿದರ ಚಿತ್ರಗಳು ಅದರಲ್ಲಿವೆ. ಅದಕ್ಕೂ ಮುಂಚೆ, 1928ರಲ್ಲಿ, ರೂತ್ ಮಾರ್ಗರೆಟೆ ರೋಲಿಗ್ ಬರ್ಲಿನ್ನಿನ ಸಲಿಂಗಿ ಹೆಂಗಸರ ಕ್ಲಬ್ಬುಗಳಿಗೆ ಕೈಪಿಡಿ ಬರೆದಿದ್ದರು, ವೈದ್ಯ ಮಾಗ್ನುಸ್ ಹಿರ್ಷ್‌ಫೆಲ್ಡ್ ಅದಕ್ಕೆ ಮುನ್ನುಡಿ ಕೊಟ್ಟಿದ್ದರು. ಒಳಗಿನವರು ಎಂಬ ಮಾತು ಜಾಹೀರಾತಾಗದೆ ನಿಜವಾಗಿರುವ ಅಪರೂಪದ ಪುಸ್ತಕ ಅದು.

1933ರಲ್ಲಿ ನಾಜಿಗಳು ಅಧಿಕಾರಕ್ಕೆ ಬಂದಾಗ ಈ ಕ್ಲಬ್ಬುಗಳು ಮುಚ್ಚಿದವು, ಮೊರೆಕ್ ಅವರ ಪುಸ್ತಕಗಳಿಗೆ ನಿಷೇಧ ಬಿತ್ತು, ಎಲ್ಡೊರಾಡೊದ ಮುಂಭಾಗದಲ್ಲಿ ಸ್ವಸ್ತಿಕದ ಬ್ಯಾನರುಗಳು ಇಳಿಬಿದ್ದ ಛಾಯಾಚಿತ್ರ ಉಳಿದಿದೆ. ಆದುದರಿಂದ ಬರ್ಲಿನ್ನಿನ ಪುಸ್ತಕದ ಪ್ರತಿ ವಿಳಾಸದ ಎದುರು 1933ರ ನಂತರದ ಸ್ಥಿತಿಯನ್ನೂ ಬರೆಯಿರಿ: ಮುಚ್ಚಿತೇ, ಯಾರ ವಶವಾಯಿತು, ನಡೆಸುತ್ತಿದ್ದವರು ಎಲ್ಲಿಗೆ ಹೋದರು. ಹೀಗೆ ಬರೆಯುತ್ತಾ ಹೋದರೆ ಪ್ರವಾಸಿಗರಿಗಾಗಿ ತಯಾರಾದ ಪಟ್ಟಿ, ನಾಶವಾದ ಸಮುದಾಯವೊಂದರ ದಾಖಲೆಯಾಗಿ ಕೆಲಸಕ್ಕೆ ಬರುತ್ತದೆ.

ಹತ್ತನೆಯ ಹೆಜ್ಜೆ: ಟಿಪ್ಪಣಿ ಮತ್ತು ಬರವಣಿಗೆ

ಪ್ರತಿ ನಮೂದಿಗೂ ಒಂದು ಹಾಳೆ ಇರಲಿ. ಅದರಲ್ಲಿ ಆವೃತ್ತಿ ಮತ್ತು ಪುಟಸಂಖ್ಯೆ, ಮುದ್ರಿತ ರೂಪದಲ್ಲೇ ಹೆಸರು, ಅಂದಿನ ವಿಳಾಸ, ಇಂದಿನ ವಿಳಾಸ, ಅದೇ ಮನೆಯವರ ಜಾಹೀರಾತು ಆ ಆವೃತ್ತಿಯಲ್ಲಿ ಇದೆಯೇ ಇಲ್ಲವೇ ಎಂಬುದು, ಸಂಕೇತಗಳು, ಹೋಲಿಸಿದ ದಾಖಲೆಗಳು, ಮತ್ತು ನಿಮ್ಮ ಊಹೆ, ಇಷ್ಟನ್ನೂ ಬೇರೆ ಬೇರೆ ಜಾಗದಲ್ಲಿ ಬರೆಯಿರಿ. ಊಹೆಯ ಜಾಗಕ್ಕೆ ಬೇರೆ ಬಣ್ಣದ ಶಾಯಿ ಬಳಸಿದರೆ ತಿಂಗಳುಗಳ ನಂತರ ಅದೇ ಊಹೆ ಸಂಗತಿಯಾಗಿ ನಿಮ್ಮ ಲೇಖನಕ್ಕೆ ನುಸುಳುವುದಿಲ್ಲ. ಕಾದಂಬರಿಗಾಗಿ ಓದುವವರು ಬೆಲೆ, ಬೆಳಕು, ಬಾಗಿಲು ತೆರೆಯುವ ಹೊತ್ತು, ಕುಡಿಯುವ ಪಾನೀಯಗಳಂಥ ವಿವರಗಳನ್ನು ಧಾರಾಳವಾಗಿ ಎತ್ತಿಕೊಳ್ಳಬಹುದು. ಹೆಂಗಸಿನ ಹೆಸರನ್ನೂ ಕಥೆಯನ್ನೂ ಎತ್ತಿಕೊಳ್ಳುವಾಗ ಮಾತ್ರ, ಆ ಕಥೆ ಹೇಳಿದ್ದು ಅವಳಲ್ಲ, ಅವಳನ್ನು ಮಾರಲು ಕುಳಿತವನು ಎಂಬುದು ನೆನಪಿರಲಿ.

ಪ್ರಕಟಿಸುವಾಗ, ಬೇರೆ ದಾಖಲೆಗಳಲ್ಲಿ ಸಾರ್ವಜನಿಕವಾಗಿ ಹೆಸರಾದ ಪಿಯಾಜಾ, ವೈಟ್ ಅಂಥವರ ಹೆಸರನ್ನು ಪೂರ್ತಿಯಾಗಿ ಬಳಸಿ, ಅವರಿಗೆ ಆ ಮನ್ನಣೆ ಸಲ್ಲಬೇಕು. ಪಟ್ಟಿಯಲ್ಲಿ ಒಮ್ಮೆ ಮಾತ್ರ ಕಾಣಿಸಿಕೊಂಡು ಮರೆಯಾದ ಹೆಂಗಸಿನ ಮೊಮ್ಮಕ್ಕಳು ಇಂದೂ ಅದೇ ಊರಿನಲ್ಲಿ ಇರಬಹುದು. ಹತ್ತಿರದ ಕಾಲದ ಪಟ್ಟಿಯಾಗಿದ್ದರೆ ಪೂರ್ತಿ ಹೆಸರಿನ ಬದಲು ಮೊದಲ ಹೆಸರನ್ನಷ್ಟೇ ಕೊಟ್ಟು, ಪೂರ್ಣ ಉಲ್ಲೇಖವನ್ನು ಸಂಗ್ರಹಾಲಯದ ಕ್ರಮಸಂಖ್ಯೆಯ ಮೂಲಕ ಸೂಚಿಸಿ. ಅಗತ್ಯವಿರುವ ಸಂಶೋಧಕರು ಅಲ್ಲಿಗೆ ಹೋಗಿ ನೋಡಿಕೊಳ್ಳುತ್ತಾರೆ.